ಐದನೆಯ ಮೊಹರು

ಬುಧವಾರ, ಮಧ್ಯಾಹ್ನ ಎರಡು ಗಂಟೆ
ಪ್ರಾಣಿಗಳ ಕ್ವಾರಂಟೈನ್ ಕೇಂದ್ರ, ಮೂರನೇ ಸಾಲು

ದೊಗಲನ ಒಡತಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಐದು ವರ್ಷ ಮುಟ್ಟದ ಪಾತ್ರೆಯನ್ನು ತೊಳೆಯದೆ ಒಲೆಯ ಮೇಲಿಟ್ಟ ಹಾಗೆ ಕಂಡಿತು. ಆ ಹಾಳೆ ಹರಿದು, ನಿನ್ನ ಅರ್ಜಿಯಲ್ಲಿ ನಿನ್ನ ಹೆಸರಿನ ಮುಂದೆ ಏನಿದೆಯೋ ಅದನ್ನೇ ಇಲ್ಲಿ ಬರೆದಿದ್ದೇನೆ. ಅಕ್ಷರ ಕಂಡ ಕೂಡಲೇ ನಿನಗೆ ಯಾರೆಂದು ತಿಳಿದಿರುತ್ತದೆ. ಹರಿಯಬೇಡ. ಇದು ನಮ್ಮಿಬ್ಬರ ವಿಷಯವಲ್ಲ. ನಮ್ಮಿಬ್ಬರ ವಿಷಯ ಇದರಲ್ಲಿ ಎಷ್ಟು ಸೇರಿಕೊಂಡಿದೆಯೋ ಅಷ್ಟನ್ನು ಬಿಡಿಸಿ ಬೇರೆ ಇಡಲು ನನಗೆ ಆಗಲಿಲ್ಲ, ಅಷ್ಟೇ.

ಮುಖ್ಯವಾದದ್ದು ಮೊದಲು. ದೊಗಲ ಇಲ್ಲೇ ಇದ್ದಾನೆ, ಹನ್ನೊಂದನೇ ಗೂಡಿನಲ್ಲಿ, ನಾನು ಕೂತಿರುವ ಜಾಗದಿಂದ ಹದಿನೈದು ಹೆಜ್ಜೆ. ಜೀವಂತವಾಗಿದ್ದಾನೆ. ನಿನ್ನೆ ಸಂಜೆಯಿಂದ ಏನೂ ತಿಂದಿಲ್ಲ.

ನಾನು ಕೇಳಬೇಕಾದದ್ದು ಒಂದೇ ಪ್ರಶ್ನೆ. ಈ ವರ್ಷ ಅವನಿಗೆ ರೇಬೀಸ್ ಚುಚ್ಚುಮದ್ದು ನಿಜವಾಗಿಯೂ ಹಾಕಿಸಿದ್ದೀಯಾ? ಪುಸ್ತಕದಲ್ಲಿ ಏನಿದೆ ಎಂದು ಕೇಳುತ್ತಿಲ್ಲ. ಪುಸ್ತಕದಲ್ಲಿ ಏನಿದೆ, ಅದು ಹೇಗೆ ಬಂತು ಎಂಬುದು ಈ ಕಟ್ಟಡದಲ್ಲಿ ನನಗೊಬ್ಬನಿಗೇ ಗೊತ್ತು.

ನಾನಿಲ್ಲಿ ಏನು ಮಾಡುತ್ತಿದ್ದೇನೆ ಎಂದು ನಿನಗೆ ಆಶ್ಚರ್ಯವಾಗಬಹುದು. ನಕ್ಷೆ ಬರೆಯುವ ಕಚೇರಿಯಲ್ಲಿ ನಾನು ಎರಡು ವರ್ಷ ಮಾತ್ರ ಇದ್ದೆ. ಆಮೇಲೆ ಅವರಿಗೆ ನನ್ನಂಥವರು ಬೇಡವಾದರು. ನಮ್ಮ ಕೆಳಮನೆಯ ಟೈಲರ್‌ಗೆ ಬರೆಯುವ ಕಾಗದಗಳಲ್ಲಿ ಮಾತ್ರ ಆ ಕಚೇರಿ ಇನ್ನೂ ನಡೆಯುತ್ತಿತ್ತು, ಅವನಿಂದ ನಿನಗೆ ಸುದ್ದಿ ಮುಟ್ಟುತ್ತದೆ ಎಂದು ಗೊತ್ತಿದ್ದುದರಿಂದ. ಒಂದೂವರೆ ವರ್ಷದಿಂದ ನಾನು ಇಲ್ಲಿ ನಾಯಿಗೂಡು ತೊಳೆಯುತ್ತೇನೆ. ಹೊರದೇಶದಿಂದ ವಿಮಾನದಲ್ಲಿ ಬಂದ ನಾಯಿಗಳನ್ನು ಇಳಿಸಿಕೊಳ್ಳುವುದು, ಕತ್ತಿನ ಚರ್ಮದಡಿಯ ಗುರುತಿನ ಚಿಪ್‌ನ ಸಂಖ್ಯೆ ಓದಿಸುವುದು, ಹತ್ತು ದಿನ ಊಟ ನೀರು ಕೊಟ್ಟು ಚಾರ್ಟ್ ತುಂಬುವುದು. ಮೊಣಕಾಲವರೆಗಿನ ರಬ್ಬರ್ ಬೂಟು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಾಗ ನೀಲಿ ಔಷಧಿಯ ತಟ್ಟೆಯಲ್ಲಿ ಕಾಲಿಟ್ಟೇ ಹೋಗಬೇಕು. ಕೆಲಸ ಕೆಟ್ಟದ್ದೇನಲ್ಲ. ಇಲ್ಲಿ ಯಾರೂ ಹಿಂದಿನದನ್ನು ಕೇಳುವುದಿಲ್ಲ, ಕಾಗದದಲ್ಲಿ ಇದ್ದರೆ ಸಾಕು.

ಹೋದ ವಾರ ಮಂಗಳವಾರ ಬೆಳಿಗ್ಗೆ ವಿಮಾನ ನಿಲ್ದಾಣದ ವ್ಯಾನು ನಾಲ್ಕು ಪೆಟ್ಟಿಗೆ ಇಳಿಸಿತು. ಮೂರು ಪೆಟ್ಟಿಗೆಗಳು ಅಂಗಡಿಯಿಂದ ತಂದು ಹಾಗೇ ಕಳಿಸಿದಂಥವು. ನಾಲ್ಕನೆಯದನ್ನು ಯಾರೋ ಅಳತೆ ತೆಗೆದು ತಿದ್ದಿದ್ದರು. ಎದ್ದು ನಿಂತರೆ ಕಿವಿ ತಾಗದಂತೆ, ಒಂದು ಸುತ್ತು ತಿರುಗಿ ಮಲಗಲು ಆಗುವಂತೆ, ನಿಯಮದ ಪುಸ್ತಕದಲ್ಲಿ ಹೇಗಿದೆಯೋ ಹಾಗೆ, ಬೆರಳಗಲವೂ ಹೆಚ್ಚು ಕಡಿಮೆ ಇಲ್ಲ. ನೀರಿನ ಬಟ್ಟಲನ್ನು ಜಾಲರಿಗೆ ತಂತಿಯಿಂದ ಬಿಗಿದಿದ್ದರು. ತಂತಿಯ ತುದಿ ಮೂತಿಗೆ ಚುಚ್ಚಬಾರದೆಂದು ಪ್ರತಿ ತುದಿಗೂ ಒಸಡಿನ ಬಣ್ಣದ ಒಂದೊಂದು ಹನಿ. ಕಟ್ಟುಹಲ್ಲು ಮಾಡುವ ನಿನ್ನ ಮೇಜಿನ ಮೇಲೆ ಬಿಟ್ಟರೆ ಆ ಗುಲಾಬಿ ಬಣ್ಣವನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾರ್ಡು ಓದುವ ಮೊದಲೇ ನನಗೆ ಗೊತ್ತಾಗಿಬಿಟ್ಟಿತು.

ಕಾರ್ಡಿನಲ್ಲಿ ನಿನ್ನ ತವರಿನ ಹೆಸರಿತ್ತು, ಕೆಳಗೆ ಈ ಊರಿನದೇ ಒಂದು ವಸತಿಯ ವಿಳಾಸ. ಕೇಂದ್ರದ ದೊಡ್ಡ ಡಾಕ್ಟರು ನನ್ನ ಪಕ್ಕದಲ್ಲೇ ನಿಂತು ಕೇಳಿದರು. ಅವರು ಪ್ರತಿ ಪೆಟ್ಟಿಗೆಗೂ ಕೇಳುತ್ತಾರೆ. "ಇದರ ಮಾಲೀಕರು ನಿಮಗೇನಾದ್ರೂ ಪರಿಚಯಾನಾ? ನೆಂಟರಾ?" ಅಂತ. ಪರಿಚಯವಿದ್ದರೆ ಆ ನಾಯಿಯನ್ನು ಬೇರೆ ಸಾಲಿನವರಿಗೆ ಒಪ್ಪಿಸಬೇಕು. ನಾನು ಇಲ್ಲ ಎಂದೆ. ಸುಳ್ಳು ಎಂದೂ ಅನಿಸಲಿಲ್ಲ.

ಆಮೇಲೆ ಮಾಡಿದ್ದನ್ನು ಹೇಗೆ ಬರೆಯಲಿ? ಪೆಟ್ಟಿಗೆಯನ್ನು ಗೂಡಿನೊಳಗೆ ಇಟ್ಟು ಬಾಗಿಲು ಹಾಕಿಕೊಂಡೆ. ಕೈಗವಸು ಕಳಚಿದೆ. ನಾಯಿಗಳು ವಾಸನೆ ಮರೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ, ಕೈ ಮೂಸಿ ನೋಡಲಿ ಅಂತ. ಅವನನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದವನು ನಾನು. ಚರ್ಮ ಅವನ ಅಳತೆಗಿಂತ ಎರಡು ಪಟ್ಟು ದೊಡ್ಡದಿತ್ತು, "ಅಣ್ಣನ ಚಡ್ಡಿ ಹಾಕ್ಕೊಂಡು ಬಂದಿದ್ದಾನೆ ನೋಡ್ರೀ" ಅಂತ ನೀನು ನಕ್ಕಿದ್ದೆ. ದೊಗಲ ಎಂದು ಹೆಸರಿಟ್ಟದ್ದು ನೀನಾದರೂ ಕರೆದು ಕರೆದು ಅದನ್ನು ಅವನಿಗೆ ಕಲಿಸಿದವನು ನಾನು. ಈಗ ಹೊರಗೆ ಬಂದು ನಿಂತ. ಕರೆದೆ. ಹೆಸರಿಗೆ ಕಿವಿ ಎತ್ತಿದ, ನನ್ನತ್ತ ನೋಡಲಿಲ್ಲ. ನನ್ನ ಹಿಂದಿನ ಬಾಗಿಲನ್ನು ನೋಡಿದ. ಯಾರೋ ಬರಬೇಕಿತ್ತು ಎನ್ನುವ ಹಾಗೆ.

ಪೆಟ್ಟಿಗೆಯ ತಳದಲ್ಲಿ ನೀನು ನಿನ್ನ ಕೆಲಸದ ಏಪ್ರನ್ ಹಾಸಿದ್ದೆ. ಹೊರದೇಶದ ಹಾಸಿಗೆ ಬಟ್ಟೆ ಏನಿದ್ದರೂ ಅದೇ ದಿನ ಸುಡಬೇಕೆಂಬುದು ಇಲ್ಲಿನ ನಿಯಮ. ಎಳೆದೆ. ಅವನು ಅದರ ಮೇಲೆ ಕಾಲಿಟ್ಟ. ಮತ್ತೆ ಎಳೆದೆ. ಗುರ್ ಎನ್ನಲೂ ಇಲ್ಲ, ಕಚ್ಚಿದ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಹಲ್ಲು ಇಳಿದವು. ಆಳವಾಗಿಯೇ. ಕಚ್ಚಿ ಬಿಟ್ಟು ಮೂಲೆಗೆ ಹೋಗಿ ನಡುಗುತ್ತಾ ನಿಂತ. ನಾನು ನಲ್ಲಿಯ ಕೆಳಗೆ ಕಾಲು ಗಂಟೆ ಸೋಪು ಹಾಕಿ ತೊಳೆದು, ಕೈಗವಸು ತೊಟ್ಟು, ಏಪ್ರನ್ ತೆಗೆದುಕೊಂಡು ಹೋಗಿ ಸುಟ್ಟೆ. ಪ್ಲಾಸ್ಟರಿನ ಪುಡಿ ಬೆಂಕಿಯಲ್ಲಿ ಸುಡುವುದಿಲ್ಲ, ಬೂದಿಯಲ್ಲಿ ಬೆಳ್ಳಗೆ ಉಳಿಯುತ್ತದೆ.

ಕಚ್ಚಿಸಿಕೊಂಡವರು ಒಂದು ಗಂಟೆಯೊಳಗೆ ಕಚೇರಿಯ ಕೆಂಪು ಪುಸ್ತಕದಲ್ಲಿ ಬರೆಯಬೇಕು. ಬರೆಯಲಿಲ್ಲ. ನನ್ನ ಬಗ್ಗೆ ನೀನು ಯೋಚಿಸಬೇಕಾಗಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಮುಂಚಿತವಾಗಿ ಮೂರು ಚುಚ್ಚುಮದ್ದು ಹಾಕುತ್ತಾರೆ, ಎಲ್ಲರ ಕಾರ್ಡುಗಳೂ ಕಚೇರಿಯ ಗೋಡೆಯ ಮೇಲೆ ತೂಗುತ್ತಿವೆ.

ಯಾಕೆ ಬರೆಯಲಿಲ್ಲ ಎಂಬುದಕ್ಕೆ ಬರುತ್ತೇನೆ.

ಅವತ್ತು ಮಧ್ಯಾಹ್ನ ಗೂಡಿನ ಚಾರ್ಟಿಗೆ ವಿವರ ಬರೆದುಕೊಳ್ಳಲು ಅವನ ಚುಚ್ಚುಮದ್ದಿನ ಪುಸ್ತಕ ನನ್ನ ಕೈಗೆ ಬಂತು. ಹಸಿರು ರಟ್ಟು, ಮೂಲೆಯಲ್ಲಿ ಅವನೇ ಮರಿಯಾಗಿದ್ದಾಗ ಅಗಿದ ಗುರುತು. ಐದು ವರ್ಷ, ಐದು ಸಾಲು, ಪ್ರತಿ ಸಾಲಿಗೂ ನಮ್ಮೂರಿನ ಶಿಳ್ಳೆ ಡಾಕ್ಟರ ಮೊಹರು, ಸಹಿ. ಎಲ್ಲ ಮೊಹರೂ ಒಂದೇ ಕಡೆಗೆ ವಾಲಿವೆ, ಎಲ್ಲದರಲ್ಲೂ ಒಂದೇ ಅಕ್ಷರ ಅರ್ಧ ಮೂಡಿಲ್ಲ. ದೊಡ್ಡ ಡಾಕ್ಟರು ನೋಡಿ, "ಅಚ್ಚುಕಟ್ಟಾದ ವೈದ್ಯರು" ಎಂದರು.

ನೆನಪಿದೆಯಲ್ಲ? ಆ ಪುಣ್ಯಾತ್ಮ ಮೊಹರನ್ನು ಮನೆಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದರು. ಒಂದು ದಿನ ಸೂಜಿ, ಇನ್ನೊಂದು ದಿನ ಸೀಲು. "ಸೂಜಿ ನಾಯಿಗೆ, ಸೀಲು ಯಜಮಾನರಿಗೆ, ಎರಡೂ ಒಂದೇ ದಿನ ಕೊಟ್ರೆ ತಡ್ಕೊಳಲ್ಲ" ಎಂದು ಶಿಳ್ಳೆ ಹಾಕುತ್ತಾ ಕಳಿಸುತ್ತಿದ್ದರು. ನಾನು ಹೊರಡುವ ಹಿಂದಿನ ವಾರ ಅವರಿಗೊಂದು ಸ್ಟೀಲಿನ ಸೀಟಿ ಕೊಟ್ಟು, "ಇವಳೊಬ್ಬಳೇ ಎರಡೆರಡು ಸಲ ಅಲೀಬೇಕಾಗುತ್ತೆ ಡಾಕ್ಟ್ರೇ, ಮುಂದಿನ ಐದು ವರ್ಷದ್ದೂ ಈಗಲೇ ಒತ್ತಿಬಿಡಿ" ಅಂದೆ. ಅವರು ನಗುತ್ತಾ ಐದು ಸಾಲಿಗೂ ಒತ್ತಿ ಸಹಿ ಹಾಕಿದರು. "ತಾರೀಕು ಮಾತ್ರ ನೀವೇ ಬರ್ಕೊಳ್ಳಿ, ಸೂಜಿಗೆ ಮಾತ್ರ ತಪ್ಪದೇ ಬನ್ನಿ" ಅಂದರು. ಮನೆಗೆ ಬಂದು ನಾನು ಆ ಪುಸ್ತಕವನ್ನು ದೊಡ್ಡ ಉಪಕಾರದ ಹಾಗೆ ನಿನ್ನ ಮುಂದೆ ಇಟ್ಟೆ. ನೀನು ಪುಟ ತಿರುಗಿಸಿ ನೋಡಿ, "ಐದು ವರ್ಷ ಬರಲ್ಲ ಅಂತ ಹೇಳೋಕೆ ಇದೊಂದು ದಾರೀನಾ?" ಎಂದು ಕೇಳಿದೆ. ನಾನು ನಕ್ಕು ಬೇರೆ ಮಾತು ತೆಗೆದೆ.

ಮೊದಲ ನಾಲ್ಕು ಸಾಲಿನ ಬಗ್ಗೆ ನನಗೆ ಅನುಮಾನವಿಲ್ಲ. ನೀನು ತಪ್ಪುವವಳಲ್ಲ. ಐದನೆಯದರ ತಾರೀಕು ಎಂಟು ತಿಂಗಳ ಹಿಂದಿನದು. ಶಿಳ್ಳೆ ಡಾಕ್ಟರು ತೀರಿಕೊಂಡು ಹದಿಮೂರು ತಿಂಗಳಾಯಿತು. ಟೈಲರ್ ಬರೆದಿದ್ದ.

ಸತ್ತವರು ಸೂಜಿ ಚುಚ್ಚುವುದಿಲ್ಲ. ಹಾಗಾಗಿ ಎರಡರಲ್ಲಿ ಒಂದು. ಬೇರೆ ಯಾರ ಹತ್ತಿರವೋ ತಡವಾಗಿ ಹಾಕಿಸಿದ್ದೀಯ, ವರ್ಷದ ಗಡುವು ದಾಟಿತ್ತೆಂದು ಅವರ ಚೀಟಿಯನ್ನು ಒಳಗಿಟ್ಟು ಈ ಖಾಲಿ ಸಾಲಿಗೆ ತಾರೀಕು ಬರೆದಿದ್ದೀಯ. ಅಥವಾ ಹಾಕಿಸಿಯೇ ಇಲ್ಲ. ಇಲ್ಲಿನ ನಿಯಮಕ್ಕೆ ಎರಡೂ ಒಂದೇ ಬಗೆಯ ಸುಳ್ಳು. ದೊಗಲನ ಮೈಯೊಳಗೆ ಎರಡೂ ಒಂದೇ ಅಲ್ಲ.

ನಿನ್ನನ್ನು ಹಿಡಿದುಹಾಕಲು ಇದನ್ನು ಬರೆಯುತ್ತಿಲ್ಲ. ಎಂಟು ತಿಂಗಳ ಹಿಂದಿನ ಆ ತಿಂಗಳು ನೀನು ಎಲ್ಲಿದ್ದೆ ಎಂಬುದು ನನಗೆ ಗೊತ್ತು. ಅತ್ತೆ, ನಿನ್ನಮ್ಮ, ಆಸ್ಪತ್ರೆಯಲ್ಲಿ ಹದಿನೇಳು ದಿನ ಇದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಿದೆಯಂತೆ. ದೊಗಲನಿಗೆ ಊಟ ಹಾಕುತ್ತಿದ್ದದ್ದು ಟೈಲರ್‌ನ ಹೆಂಡತಿ. ಆ ಹದಿನೇಳು ದಿನದಲ್ಲಿ ನಾಯಿಯ ಸೂಜಿಯ ತಾರೀಕು ಯಾರ ತಲೆಯಲ್ಲಿ ಉಳಿದೀತು? ಅತ್ತೆ ಹೋದ ಸುದ್ದಿ ಬಂದಾಗ ನಾನೊಂದು ಕಾಗದ ಬರೆದೆ. ಊರಿಗೆ ಬರಲು ರಜೆಯೂ ಕೇಳಿದ್ದೆ. ಕಾಗದ ಹಾಕಲಿಲ್ಲ, ರಜೆ ಸಿಕ್ಕಿತು, ರಜೆಯಲ್ಲಿ ಕೋಣೆಯಲ್ಲೇ ಇದ್ದೆ. ನೀನು ತುಂಬಿದ ಆ ಒಂದು ಸಾಲನ್ನು ಹಿಡಿದು ಮಾತಾಡುವ ಯೋಗ್ಯತೆ ನನ್ನದಲ್ಲ.

ಪುಸ್ತಕದ ಜೊತೆ ಪಿನ್ನು ಹಾಕಿದ ರಕ್ತ ಪರೀಕ್ಷೆಯ ವರದಿಯನ್ನೂ ನೋಡಿದೆ. ಈ ದೇಶಕ್ಕೆ ನಾಯಿ ತರುವವರು ಮಾತ್ರ ಮಾಡಿಸುವ ಪರೀಕ್ಷೆ ಅದು. ಎರಡು ವರ್ಷದ ಹಿಂದೆ ಮಾಡಿಸಿದ್ದೀಯ. ಆಗ ನಿನಗೆ ಇಲ್ಲಿ ಕೆಲಸವಿರಲಿಲ್ಲ. ಇಲ್ಲಿ ನಿನಗೆ ಗೊತ್ತಿದ್ದವನು ಒಬ್ಬನೇ. ಅದೇ ತಿಂಗಳು ಅವನು ನಿನಗೆ ಕಾಗದ ಬರೆಯುವುದನ್ನು ನಿಲ್ಲಿಸಿದ್ದ. ಇದರ ಬಗ್ಗೆ ನಾನು ಏನೂ ಕೇಳುವುದಿಲ್ಲ.

ಆ ವರದಿ ಈಗಲೂ ಊರ್ಜಿತವಾಗಬೇಕಾದರೆ ವರ್ಷ ವರ್ಷದ ಚುಚ್ಚುಮದ್ದು ಒಂದು ದಿನವೂ ತಪ್ಪಿರಬಾರದು. ತಪ್ಪಿದ್ದರೆ ವರದಿ ಬರೀ ಕಾಗದ. ನಾಯಿಗೆ ಹೊಸದಾಗಿ ಚುಚ್ಚಿ ಆರು ತಿಂಗಳು ಇಲ್ಲೇ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಈ ರೋಗ ತಿಂಗಳುಗಟ್ಟಲೆ ಒಳಗೇ ಸುಮ್ಮನೆ ಮಲಗಿರಬಹುದು. ಆರು ತಿಂಗಳು ಕಷ್ಟ, ಆದರೆ ನಾಯಿ ಬದುಕುತ್ತದೆ. ಆದರೆ ಕಾಗದ ಸರಿಯಿಲ್ಲದ ನಾಯಿ ಯಾರನ್ನಾದರೂ ಕಚ್ಚಿದ್ದರೆ ಲೆಕ್ಕ ಬೇರೆ. ಕಾಯುವುದಿಲ್ಲ. ಅದೇ ದಿನ ಕೊನೆಯ ಸೂಜಿ ಕೊಟ್ಟು ಮಲಗಿಸಿ ಮಿದುಳನ್ನು ಪರೀಕ್ಷೆಗೆ ಕಳಿಸುತ್ತಾರೆ. ರೋಗವಿತ್ತೋ ಇಲ್ಲವೋ ಎಂಬುದು ಆಮೇಲೆ ತಿಳಿಯುತ್ತದೆ. ಒಂದೂವರೆ ವರ್ಷದಲ್ಲಿ ಎರಡು ಸಲ ನೋಡಿದ್ದೇನೆ. ಎರಡು ಸಲವೂ ರೋಗವಿರಲಿಲ್ಲ.

ಕೆಂಪು ಪುಸ್ತಕದಲ್ಲಿ ನಾನು ಬರೆಯದಿದ್ದದ್ದು ಇದಕ್ಕೆ. ಬರೆದರೆ ದೊಡ್ಡ ಡಾಕ್ಟರು ಎಲ್ಲ ಕಾಗದ ಮತ್ತೆ ತೆಗೆಸುತ್ತಾರೆ, ಶಿಳ್ಳೆ ಡಾಕ್ಟರಿಗೆ ಫೋನು ಹೋಗುತ್ತದೆ, ಫೋನು ಎತ್ತುವವರು ಯಾರು? ಸುಮ್ಮನಿದ್ದರೆ ಹತ್ತು ದಿನ ಮುಗಿಯುತ್ತದೆ, ಶುಕ್ರವಾರ ನೀನು ಬಂದು ಅವನನ್ನು ಕರೆದುಕೊಂಡು ಹೋಗುತ್ತೀಯ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದು ಅರ್ಥ. ಬಾಯಿ ಮುಚ್ಚಿಕೊಂಡು ಹತ್ತು ದಿನ ಎಣಿಸುವುದು ನನಗೇನು ಹೊಸದಲ್ಲ. ನಿನ್ನೆ ಸಂಜೆಯ ತನಕ ಎಣಿಸಿದೆ.

ನಿನ್ನೆ ಸಂಜೆ ಬಟ್ಟಲು ಹಾಗೇ ಉಳಿಯಿತು. ಇವತ್ತು ಬೆಳಿಗ್ಗೆಯೂ. ನೀರು ಮೂಸಿ ಬಿಟ್ಟ. ಬಾಯಿಯ ಒಂದು ಬದಿಯಿಂದ ಸ್ವಲ್ಪ ಜೊಲ್ಲು ಇಳಿಯುತ್ತಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಇದು ಬೇಸರ ಇರಬಹುದು. ಎಂಟು ದಿನಕ್ಕೆ ಬೇಸರ ಎಲ್ಲ ನಾಯಿಗಳಿಗೂ ಬರುತ್ತದೆ. ಹಲ್ಲು ನೋವೂ ಇರಬಹುದು. ಚಾರ್ಟಿನಲ್ಲಿ 'ಊಟ: ಅರ್ಧ' ಎಂದು ಬರೆದಿದ್ದೇನೆ. ಎರಡು ಹೊತ್ತೂ.

ಈಗ ಬಕೆಟ್ಟಮ್ಮನ ವಿಷಯ. ಈ ಸಾಲಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳು, ನಮ್ಮ ಕಡೆಯವಳೇ, ಬರುವ ವರ್ಷ ನಿವೃತ್ತಿ. ಎರಡು ಕೈಗೆ ಎರಡು ಬಕೆಟ್ಟಿಲ್ಲದೆ ಅವಳನ್ನು ಯಾರೂ ಕಂಡಿಲ್ಲ. ನಾಯಿಗಳಿಗೆಲ್ಲ ಅಜ್ಜಿ. ಮೊದಲ ದಿನವೇ ದೊಗಲನನ್ನು ನೋಡಿ, "ಏನೋ ನಕ್ಷೆಯವನೇ, ನಿನ್ನನ್ನ ಕಂಡ್ರೆ ಇವನು ಮಾವನ ಮನೆಗೆ ಬಂದ ಅಳಿಯನ ಹಾಗೆ ಮುಖ ಊದಿಸ್ಕೋತಾನಲ್ಲ, ಏನ್ ಮಾಡ್ದೆ ಅವನಿಗೆ?" ಅಂದಳು. ಇವತ್ತು ಹನ್ನೊಂದು ಗಂಟೆಗೆ ನಾನು ಪಕ್ಕದ ಸಾಲಿನಿಂದ ಬರುವಷ್ಟರಲ್ಲಿ ಗೂಡಿನೊಳಗೆ ನೆಲದ ಮೇಲೆ ಕೂತಿದ್ದಳು. ಅವನ ತಲೆ ಅವಳ ತೊಡೆಯ ಮೇಲೆ. ಬರಿಗೈಯಲ್ಲಿ ಕಲಸಿದ ಊಟವನ್ನು ಅವನ ಕೆನ್ನೆಯ ಒಳಗೆ ಇಡುತ್ತಿದ್ದಳು. ಅವನು ನುಂಗುತ್ತಿರಲಿಲ್ಲ. ಕೈಗವಸು ಎಲ್ಲಿ ಎಂದು ಕೇಳಿದೆ. ಕೂಗಿಯೇ ಕೇಳಿದೆನೆಂದು ಕಾಣುತ್ತದೆ.

"ರಬ್ಬರ್ ಕೈಲಿ ಕೊಟ್ರೆ ನೀನು ತಿಂತೀಯಾ?" ಅಂದಳು. "ಇವನ ಕಾಗದ ಎಲ್ಲಾ ಸರಿ ಇದೆಯಲ್ಲೋ. ಐದು ವರ್ಷದ ಸೀಲು. ನಿನಗೇನು ಭಯ?"

ಅವಳ ಉಗುರಿನ ಬದಿಯಲ್ಲಿ ಸಿಪ್ಪೆ ಎದ್ದಿರುತ್ತದೆ, ವರ್ಷವಿಡೀ ಔಷಧಿ ನೀರಿನಲ್ಲಿ ಕೈಯಿಟ್ಟು. ಅದನ್ನೇ ನೋಡುತ್ತಾ ನಿಂತಿದ್ದೆ. ಅವಳು ಎದ್ದು, ಕೈಯನ್ನು ಸೀರೆಗೆ ಒರೆಸಿಕೊಂಡು ಹೋದಳು. ಅವಳ ಹಿಂದೆಯೇ ಹೋಗಿ, ಕೈ ತೊಳ್ಕೊಳ್ಳಮ್ಮ, ಸೋಪು ಹಾಕಿ ತೊಳ್ಕೋ ಎಂದು ನಲ್ಲಿ ತಿರುಗಿಸಿ ನಿಂತೆ. "ಮಗನಿಗಿಂತ ಹೆಚ್ಚು ಕಾಟ ಕೊಡ್ತೀಯ" ಎಂದು ತೊಳೆದುಕೊಂಡಳು. ಆಗಲೇ ಈ ಕಾಗದ ಬರೆಯಬೇಕೆಂದು ತೀರ್ಮಾನಿಸಿದ್ದು. ಅವಳು ನಂಬಿರುವುದು ನನ್ನ ಐದು ಮೊಹರನ್ನು.

ಫೋನು ಮಾಡಬಹುದಿತ್ತು. ನಿನ್ನ ಸಂಖ್ಯೆ ಕಾರ್ಡಿನಲ್ಲಿದೆ. ನಿನ್ನೆ ಎರಡು ಸಲ ಒತ್ತಿ, ಕರೆ ಹೋಗುವ ಮೊದಲೇ ನಿಲ್ಲಿಸಿದೆ. ಫೋನಿನಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಂಡದ್ದೆಲ್ಲ ಆರೋಗ್ಯ, ಹವೆ, ಊಟ. ಕಾಗದದಲ್ಲಾದರೆ ನೀನು ಕೊನೆಯ ತನಕ ಓದುತ್ತೀಯ, ಸಿಟ್ಟು ಬಂದ ಸಾಲಿನಲ್ಲಿ ನಿಂತು ಮತ್ತೆ ಮುಂದೆ ಹೋಗುತ್ತೀಯ. ಊಟದ ಚೀಲ ತರುವ ವ್ಯಾನಿನವನು ನಾಲ್ಕು ಗಂಟೆಗೆ ವಾಪಸು ಹೋಗುವಾಗ ನಿನ್ನ ವಸತಿಯ ಮುಂದೆಯೇ ಹೋಗುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾಳೆ ಹತ್ತನೇ ದಿನ. ಮಾಲೀಕರನ್ನು ಮೊದಲ ಸಲ ಒಳಗೆ ಬಿಡುವ ದಿನ. ಹತ್ತು ಗಂಟೆಗೆ ನೀನು ಬರುತ್ತೀಯ ಎಂದು ಪಟ್ಟಿಯಲ್ಲಿದೆ. ಹನ್ನೆರಡಕ್ಕೆ ದೊಡ್ಡ ಡಾಕ್ಟರ ಸುತ್ತು. ನಿನ್ನಲ್ಲಿ ಬೇಡುವುದು ಇಷ್ಟು. ಬಂದವಳು ಗೂಡಿಗೆ ಬರುವ ಮೊದಲು ನೇರ ಅವರ ಕೋಣೆಗೆ ಹೋಗು. ಐದನೆಯ ಸಾಲು ತಪ್ಪು ಎಂದು ನೀನೇ ಹೇಳು. ಬೇರೆ ಡಾಕ್ಟರ ಚೀಟಿ ಇದ್ದರೆ ಮೇಜಿನ ಮೇಲಿಡು. ಇಲ್ಲದಿದ್ದರೆ ಇಲ್ಲ ಎನ್ನು. ತಾವಾಗಿ ಬಂದು ಹೇಳಿದವರ ಮೇಲೆ ಅವರು ಹರಿಹಾಯುವುದಿಲ್ಲ, ನೋಡಿದ್ದೇನೆ. ಮುಂಗಡವಾಗಿ ಮೊಹರು ಒತ್ತಿಸಿದವನು ನಾನೆಂದು ಬೇಕಾದರೆ ಹೇಳು, ಒಪ್ಪಿಕೊಳ್ಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ದೊಗಲನನ್ನು ಬೇರೆ ಮಾಡಿ ಆರು ತಿಂಗಳು ಇಡುತ್ತಾರೆ, ಬಕೆಟ್ಟಮ್ಮನಿಗೆ ಸೂಜಿ ಹಾಕಿಸುತ್ತಾರೆ, ಅವಳ ಕಾರ್ಡು ಪೂರ್ತಿಯಾಗಿದೆ, ಅವಳಿಗೆ ಏನೂ ಆಗುವುದಿಲ್ಲ.

ಕಚ್ಚಿದ್ದನ್ನು ಮಾತ್ರ ಹೇಳಬೇಡ. ಅದು ನಿನಗೆ ಗೊತ್ತೇ ಇಲ್ಲ. ಗಾಯ ನನ್ನದು, ಮುಚ್ಚಿಡುವುದು ನನ್ನ ಪಾಲು. ಸತ್ಯದಲ್ಲಿ ನಿನ್ನ ಅರ್ಧ ನೀನು ಹೇಳಿದರೆ ದೊಗಲ ಉಳಿಯುತ್ತಾನೆ, ನನ್ನ ಅರ್ಧ ನಾನು ಹೇಳದಿದ್ದರೆ ಉಳಿಯುತ್ತಾನೆ. ನಮ್ಮ ಸಂಸಾರವೂ ಹೆಚ್ಚು ಕಡಿಮೆ ಹೀಗೇ ನಡೆದದ್ದಲ್ಲವೇ, ಒಂದು ಸಲವಾದರೂ ಅದರಿಂದ ಯಾರಿಗಾದರೂ ಉಪಕಾರವಾಗಲಿ.

ನಾನು ಬೂಟು ಹಾಕಿಕೊಂಡು ಪೊರಕೆ ಹಿಡಿದದ್ದನ್ನು ನೋಡಿದರೆ ನಗಬೇಡ. ನಕ್ಕರೂ ಪರವಾಗಿಲ್ಲ.

ಇಂತಿ,
ಹಸಿರು ಪುಸ್ತಕವನ್ನು ನಿನ್ನ ಮುಂದಿಟ್ಟು ಹೊರಟು ಬಂದವನು

ತಾ.ಕ.: ಮೂರೂವರೆ ಗಂಟೆ. ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ವ್ಯಾನಿನವನು ಕಾಯುತ್ತಾ, "ಲವ್ ಲೆಟರಾ ಸಾರ್? ಇಷ್ಟು ದಪ್ಪ ಆದ್ರೆ ಹುಡುಗಿ ಒಪ್ಪಲ್ಲ" ಎನ್ನುತ್ತಿದ್ದಾನೆ.

ಮೇಲೆ ನನ್ನ ಬಗ್ಗೆ ಯೋಚಿಸಬೇಡ ಎಂದು ಬರೆದೆ. ಗೋಡೆಯ ಮೇಲಿನ ನನ್ನ ಕಾರ್ಡಿನಲ್ಲಿ ಮೂರು ಚುಚ್ಚುಮದ್ದಿನ ತಾರೀಕಿದೆ. ನಾನು ಹೋಗಿದ್ದು ಒಂದಕ್ಕೆ. ಅದು ಹಾಕಿದ ರಾತ್ರಿ ಜ್ವರ ಬಂತು, ಮುಂದಿನ ಎರಡು ವಾರ ನರ್ಸು ಊಟಕ್ಕೆ ಹೋದಾಗ ಮೇಜಿನ ಮೇಲಿದ್ದ ಕಾರ್ಡು ತೆಗೆದು ನಾನೇ ತುಂಬಿಕೊಂಡೆ. ಖಾಲಿ ಸಾಲು ಕಂಡರೆ ತುಂಬಿಬಿಡುವುದು ನಿನ್ನ ಚಾಳಿಯಲ್ಲ, ನನ್ನದು. ನಿನಗೆ ಕಲಿಸಿದವನೇ ನಾನು.

ಎಂಟು ದಿನದಿಂದ ಆಸ್ಪತ್ರೆಗೆ ಹೋಗಿಲ್ಲ. ಹೋದರೆ ಮೊದಲ ಪ್ರಶ್ನೆ, ಯಾವ ನಾಯಿ, ಎಲ್ಲಿದೆ. ಹೇಳಿದರೆ ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಇಲ್ಲಿಗೆ ಸೂಚನೆ ಬರುತ್ತದೆ. ದೊಗಲನಿಗಾಗಿ ಸುಮ್ಮನಿದ್ದೇನೆ ಎಂದು ಈ ಕಾಗದದುದ್ದಕ್ಕೂ ಬರೆದಿದ್ದೇನೆ, ಓದಿ ನೋಡಿದೆ, ಚೆನ್ನಾಗಿಯೇ ಬಂದಿದೆ. ಆದರೆ ಈಗ ನೀರು ಕುಡಿಯಲು ಲೋಟ ಎತ್ತಿದೆ, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂದು ಕಾದೆ. ಇಳಿಯಿತು. ಬೆಳಗಿನಿಂದ ಹೀಗೆ ಕುಡಿದು ಕುಡಿದು ನೋಡುತ್ತಿದ್ದೇನೆ. ನನಗೆ ಹೆದರಿಕೆಯಾಗಿದೆ. ನನ್ನ ಸಲುವಾಗಿ.

ವ್ಯಾನಿನವನ ಪಕ್ಕ ಕೂತು ನಾನೂ ಹೊರಟಿದ್ದೇನೆ. ನಿನ್ನ ವಸತಿಯ ಮುಂದೆ ಅವನು ಇಳಿದು ಇದನ್ನು ಕೊಡುತ್ತಾನೆ, ನಾನು ಇಳಿಯುವುದಿಲ್ಲ. ಆಸ್ಪತ್ರೆಯಲ್ಲಿ ನಿಜ ಹೇಳುತ್ತೇನೆ. ಬಕೆಟ್ಟಮ್ಮನಿಗೂ ಈಗ ಗೂಡಿನ ಹೊರಗೆ ನಿಲ್ಲಿಸಿ ಹೇಳಿ ಬಂದೆ, ಕಚ್ಚಿದ್ದನ್ನೂ ಮೊಹರನ್ನೂ. ಅವಳು ಬೈಯಲಿಲ್ಲ. ಬಕೆಟ್ಟು ಕೆಳಗಿಟ್ಟು ತನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಹಾಗಾಗಿ ಹತ್ತು ಗಂಟೆಯ ಲೆಕ್ಕ ಬಿಡು. ಚೀಟಿ ಇದ್ದರೆ ಅದನ್ನು ಹಿಡಿದು ಏಳಕ್ಕೇ ಗೇಟಿಗೆ ಬಾ, ಸೂಚನೆ ಬರುವ ಮೊದಲು. ತಡವಾಗಿ ಹಾಕಿಸಿದ್ದರೂ ಸರಿ, ಹಾಕಿಸಿದ್ದಕ್ಕೆ ಒಂದು ಚೂರು ಕಾಗದವಿದ್ದರೆ ಅವರು ಇನ್ನೆರಡು ದಿನ ಕಾದು ನೋಡಬಹುದು.

ಚೀಟಿ ಇಲ್ಲದಿದ್ದರೂ ಏಳಕ್ಕೇ ಬಾ. ಆ ಕೊನೆಯ ಸೂಜಿ ಚುಚ್ಚುವಾಗ ಯಾರಾದರೂ ಅವನ ತಲೆ ಹಿಡಿದುಕೊಳ್ಳಬೇಕಾಗುತ್ತದೆ. ಅವನಿಗೆ ನನ್ನ ಕೈ ಗುರುತಿಲ್ಲ.